ತಿದ್ದಿ ತೀಡಿದ ಮೂಗು

ನನ್ನ ಮಗಳ ಮೂಗಿನ ತುದಿ ದಪ್ಪಗೆ, ಗುಂಡಗೆ ಇರುವುದಕ್ಕೆ ಗಿರಿಜಕ್ಕನ ಕೈ ಕಾರಣವಲ್ಲ. ಅದು ನನ್ನ ಮೂಗು. ಹುಟ್ಟಿದಾಗ ನನ್ನ ಮುಖದ ಮೇಲಿದ್ದ ಮೂಗು — ಮದುವೆಗೆ ಮೊದಲೇ ಡಾಕ್ಟರ ಹತ್ತಿರ ಕೊಯ್ಯಿಸಿ, ಹೊಲಿಸಿ, ಸಣ್ಣ ಮಾಡಿಸಿಕೊಂಡು, ಗಂಡನ ಮನೆಯಲ್ಲಿ ಒಬ್ಬರಿಗೂ ಹೇಳದೆ ಮುಚ್ಚಿಟ್ಟ ಮೂಗು. ಮುಚ್ಚಿಟ್ಟಿದ್ದಷ್ಟೇ ಆಗಿದ್ದರೆ ಇದನ್ನು ಬರೆಯಲು ಕೂರುತ್ತಿರಲಿಲ್ಲ. ಅವರವರ ಮೂಗು ಅವರವರ ಇಷ್ಟ. ಆದರೆ ಗುಟ್ಟು ಉಳಿಸಿಕೊಳ್ಳುವುದಕ್ಕಾಗಿ ನಾನು ತಪ್ಪನ್ನು ಗಿರಿಜಕ್ಕನ ಮೇಲೆ ಹೊರಿಸಿದೆ. ಊರವರು ನಂಬಿದರು, ಹೋಗಲಿ — ಗಿರಿಜಕ್ಕ ತಾವೇ ನಂಬಿಬಿಟ್ಟರು.

ನನ್ನ ತವರಿನವರು ಮೈಸೂರಿನ ಕಡೆಯವರು. ಅಪ್ಪನಿಗೆ ರೈಲ್ವೆಯಲ್ಲಿ ಕೆಲಸ. ನಾನು ಹುಟ್ಟಿ ಬೆಳೆದದ್ದು ಚೆನ್ನೈನ ಪೆರಂಬೂರಿನ ಕ್ವಾರ್ಟರ್ಸಿನಲ್ಲಿ. ಮನೆಯಲ್ಲಿ ಮಾವಂದಿರು ಪ್ರೀತಿಯಿಂದ ‘ಬೋಂಡ, ಬಾರೇ ಇಲ್ಲಿ’ ಎನ್ನುತ್ತಿದ್ದರು. ಸ್ಕೂಲಿನಲ್ಲಿ ಹುಡುಗಿಯರು ಪ್ರೀತಿಯಿಲ್ಲದೆ ‘ಬೋಂಡಾ ಮೂಕ್ಕು’ ಎನ್ನುತ್ತಿದ್ದರು. ಮೂಗಿನ ಕಂಬವೇನೋ ನೇರವಾಗಿಯೇ ಇತ್ತು, ತುದಿಗೆ ಬಂದಾಗ ಎಣ್ಣೆಗೆ ಬಿಟ್ಟ ಹಿಟ್ಟು ಉಬ್ಬಿದ ಹಾಗೆ ಉಬ್ಬಿತ್ತು. ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಅಮ್ಮ ಬೈಯುತ್ತಿದ್ದಳು. ಅಷ್ಟು ದೊಡ್ಡ ತುದಿ ಇದ್ದರೆ ಕೋಪಕ್ಕೆ ಜಾಗಕ್ಕೇನು ಕಮ್ಮಿ? ಇಬ್ಬರು ಗಂಡಿನ ಕಡೆಯವರು ಬಂದು ನೋಡಿ, ‘ಹುಡುಗಿ ಲಕ್ಷಣವಾಗಿದಾಳೆ, ಆದ್ರೆ…’ ಎಂದು ನಿಲ್ಲಿಸಿ ಹೋದರು. ಆ ‘ಆದ್ರೆ’ ಎಲ್ಲಿ ಕೂತಿದೆ ಎಂದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಅಮ್ಮ ಯಾರನ್ನೋ ವಿಚಾರಿಸಿ ಡಾಕ್ಟರರೊಬ್ಬರ ಹತ್ತಿರ ಕರೆದುಕೊಂಡು ಹೋದಳು. ಬಲವಂತ ಮಾಡಲಿಲ್ಲ, ನಾನೇ ಕುಣಿದುಕೊಂಡು ಒಪ್ಪಿದೆ. ಅದರ ಬಗ್ಗೆ ನನಗೆ ಇವತ್ತಿಗೂ ನಾಚಿಕೆ ಇಲ್ಲ. ತುದಿಯ ಮೃದುವಾದ ಎಲುಬಿನ ಅಂಚು ಕತ್ತರಿಸಿ, ಎರಡೂ ಬದಿ ಹತ್ತಿರ ತಂದು ಹೊಲಿದರು. ಬಾವು ಇಳಿಯಲು ತಿಂಗಳುಗಟ್ಟಲೆ ಹಿಡಿಯಿತು — ಎಲ್ಲಕ್ಕಿಂತ ಕೊನೆಗೆ ಇಳಿಯುವುದು ತುದಿಯೇ. ನೆಂಟರಿಗೆ ಅಮ್ಮ ಹೇಳಿದ್ದು, ‘ಸೈನಸ್ ಆಪರೇಷನ್.’ ಹಳೇ ಫೋಟೋಗಳಲ್ಲಿ ನನ್ನ ಮುಖ ಇದ್ದವನ್ನೆಲ್ಲ ಹುಡುಕಿ ಹರಿದಳು. ‘ಇನ್ಮೇಲೆ ಇದೇ ನೀನು ಹುಟ್ಟಿದ ಮೂಗು. ಗಂಡನ ಹತ್ರಾನೂ ಬಾಯಿ ಬಿಡಕೂಡದು’ ಎಂದು ದೇವರ ದೀಪದ ಮುಂದೆ ಮಾತು ತೆಗೆದುಕೊಂಡಳು. ಕೊಟ್ಟೆ.

ಆಮೇಲೆ ಬಂದವರು ರಾಯಪುರಂನಲ್ಲಿ ಹೋಟೆಲು ನಡೆಸುತ್ತಿದ್ದ ಕುಂದಾಪುರದ ಕಡೆಯವರು. ಈಗ ನನ್ನ ಅತ್ತೆಯಾಗಿರುವವರು ನನ್ನ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿ ನೋಡಿ, ‘ತಿದ್ದಿ ತೀಡ್ದಾಂಗೆ ಇತ್ತಲ್ಲೇ ಮೂಗ್!’ ಎಂದರು. ಚೆಂದದ ಮೂಗಿಗೆ ಕನ್ನಡದಲ್ಲಿ ಎಲ್ಲರೂ ಹೇಳುವ ಮಾತೇ ಅದು. ಅಮ್ಮನೂ ನಾನೂ ನೆಲ ನೋಡಿದೆವು. ಸಂಕೋಚದ ಹುಡುಗಿ ಎಂದು ಇನ್ನೂ ಮೆಚ್ಚಿಕೊಂಡರು.

ಗಿರಿಜಕ್ಕ ಅತ್ತೆಯ ತಂಗಿ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ಮಕ್ಕಳಿಲ್ಲದೆ, ಅಕ್ಕನ ಮನೆಯಲ್ಲೇ ಇದ್ದರು — ಹೋಟೆಲಿನ ಮೇಲಿನ ಮಹಡಿಯೇ ನಮ್ಮ ಮನೆ. ಮದರಾಸಿನ ನಮ್ಮ ಹೋಟೆಲಿನವರ ಮನೆಗಳಲ್ಲಿ ಮಗು ಹುಟ್ಟಿದರೆ ಮೊದಲು ಫೋನು ಬರುತ್ತಿದ್ದುದು ಅವರಿಗೆ. ಎಳೆ ಮಗುವನ್ನು ಕಾಲ ಮೇಲೆ ಹಾಕಿಕೊಂಡು ಎಣ್ಣೆ ಹಚ್ಚಿ ಮೀಸುವುದರಲ್ಲಿ ಅವರ ಕೈ ಅಂಥದ್ದು ಎಂದು ಎಲ್ಲರೂ ಹೇಳುತ್ತಿದ್ದರು. ಸ್ನಾನ ಮಾಡಿಸುವುದಕ್ಕೆ ಅವರ ಊರಿನಲ್ಲಿ ಮೀಸುವುದು ಎನ್ನುತ್ತಾರೆ. ‘ಇವ್ನ ಗಿರಿಜಕ್ಕ ಮೀಸಿದ್ದ್’ ಎಂದು ದೊಡ್ಡ ದೊಡ್ಡ ಹುಡುಗರನ್ನು ತೋರಿಸಿ ಜನ ಹೇಳಿದರೆ ಅವರ ಮುಖ ಅರಳುತ್ತಿತ್ತು. ಅವರಿಗೆಂದು ಇದ್ದ ಹೆಸರು ಅದೊಂದೇ.

ನನ್ನ ಹೆರಿಗೆಯ ಹೊತ್ತಿಗೆ ಅಮ್ಮ ಹಾಸಿಗೆ ಹಿಡಿದಿದ್ದಳು; ಬಾಣಂತನ ಗಂಡನ ಮನೆಯಲ್ಲೇ ಆಯಿತು. ಮಗು — ಧಾತ್ರಿ — ಹುಟ್ಟಿದ ದಿನವೇ ಆ ಮೂಗನ್ನು ಗುರುತು ಹಿಡಿದೆ. ಹರಿದ ಫೋಟೋದಿಂದ ಎದ್ದು ಬಂದಂತೆ… ಅದೇ ತುದಿ, ಅದೇ ಗುಂಡು. ಡಾಕ್ಟರು ನನ್ನ ಮುಖವನ್ನು ತಿದ್ದಿದ್ದರೇ ಹೊರತು ನನ್ನ ರಕ್ತವನ್ನಲ್ಲವಲ್ಲ.

ಗಿರಿಜಕ್ಕ ಮಾತ್ರ ಒಂಚೂರೂ ಕಂಗೆಡಲಿಲ್ಲ. ‘ಎಳೇ ಮೂಗ್, ಮೇಣದ ಹಾಂಗೆ. ನಾ ತೀಡಿ ಸರಿ ಮಾಡ್ತೆ ಕಾಣ್’ ಎಂದರು. ದಿನಾ ಬೆಳಿಗ್ಗೆ ಹೆಬ್ಬೆರಳು ತೋರುಬೆರಳಿಗೆ ಕೊಬ್ಬರಿ ಎಣ್ಣೆ ಮುಟ್ಟಿಸಿಕೊಂಡು, ಹುಬ್ಬಿನ ನಡುವಿನಿಂದ ತುದಿಯವರೆಗೆ ಮೂಗನ್ನು ತೀಡುತ್ತಿದ್ದರು. ‘ಸಂಪಿಗೆ ಮೊಗ್ಗೇ, ಚೂಪಾಗೇ’ ಎಂದು ರಾಗವಾಗಿ ಹೇಳಿಕೊಳ್ಳುತ್ತಿದ್ದರು. ಎಷ್ಟು ಹಗುರ ಕೈ ಎಂದರೆ ಮಗು ಅಳುತ್ತಲೂ ಇರಲಿಲ್ಲ, ಒಮ್ಮೊಮ್ಮೆ ನಿದ್ದೆ ಹೋಗುತ್ತಿತ್ತು. ನಾನು ಮಂಚದ ಮೇಲೆ ಕೂತು ನೋಡುತ್ತಿದ್ದೆ. ಇದರಿಂದ ಏನೂ ಆಗುವುದಿಲ್ಲ ಎಂದು ಆ ಮನೆಯಲ್ಲಿ ನನಗೊಬ್ಬಳಿಗೆ ಗೊತ್ತಿತ್ತು. ನನ್ನನ್ನೂ ನಮ್ಮಜ್ಜಿ ಹೀಗೆಯೇ ತೀಡಿದ್ದಳಂತೆ.

ಧಾತ್ರಿಯ ಮೊದಲ ಹುಟ್ಟುಹಬ್ಬ. ಹೋಟೆಲಿನ ಹಾಲಿನಲ್ಲೇ ಕುರ್ಚಿ ಹಾಕಿ ನೆಂಟರೆಲ್ಲ ಸೇರಿದ್ದರು. ತವರಿನಿಂದ ನನ್ನ ಸೋದರತ್ತೆ ನಾಗತ್ತೆಯೂ ಬಂದಿದ್ದಳು. ನನ್ನ ಯಜಮಾನರ ದೊಡ್ಡಮ್ಮ ಮಗುವನ್ನು ಎತ್ತಿಕೊಂಡು, ‘ಇದ್ ಯಾರ್ ಮೂಗ್ ಮಾರಾಯ್ತಿ? ನಮ್ ಬದಿಯಲ್ಲಿ ಯಾರಿಗೂ ಇಲ್ಲ. ಅಬ್ಬಿದೂ ಅಲ್ಲ, ಅಪ್ಪಂದೂ ಅಲ್ಲ’ ಎಂದು ನಕ್ಕರು. ಅಬ್ಬಿ ಎಂದರೆ ತಾಯಿ — ನಾನು. ಎಲ್ಲರೂ ನನ್ನ ಮುಖ ನೋಡಿದರು, ಮಗುವಿನ ಮುಖ ನೋಡಿದರು. ಆಗ ನಾಗತ್ತೆ, ಪಾಪ, ಅದು ಗುಟ್ಟೆಂದು ಅವಳಿಗೇನು ಗೊತ್ತು, ಬಾಯ್ತುಂಬ ನಗುತ್ತಾ ಶುರು ಮಾಡಿದಳು: ‘ಅಯ್ಯೋ, ಇದು ನಮ್ಮ—’

ಅವಳ ಮಾತು ಮುಗಿಯಲು ನಾನು ಬಿಡಲಿಲ್ಲ. ‘ಗಿರಿಜಕ್ಕ ಜಾಸ್ತಿ ಒತ್ತಿ ತೀಡಿಬಿಟ್ರು, ಅದಕ್ಕೇ ತುದಿ ಹರಡಿಕೊಂಡ್ಬಿಟ್ಟಿದೆ’ ಎಂದೆ.

ಯೋಚನೆ ಮಾಡಿ ಆಡಿದ ಮಾತಲ್ಲ ಎನ್ನಬಹುದು — ಎನ್ನುವುದಿಲ್ಲ. ಆ ಮಾತು ಎಲ್ಲೋ ಒಳಗೆ ಆಗಲೇ ಸಿದ್ಧವಾಗಿ ಕೂತಿತ್ತು, ಇಲ್ಲದಿದ್ದರೆ ಅಷ್ಟು ಸಲೀಸಾಗಿ ಬರುತ್ತಿರಲಿಲ್ಲ. ಗಿರಿಜಕ್ಕ ಬಾಗಿಲ ಹತ್ತಿರ ಪಾಯಸದ ಪಾತ್ರೆ ಹಿಡಿದು ನಿಂತಿದ್ದರು. ಅವರು ಪಾತ್ರೆಯನ್ನು ಕೆಳಗಿಟ್ಟು, ತಮ್ಮ ಬಲಗೈಯನ್ನು ತಿರುಗಿಸಿ ನೋಡಿಕೊಂಡರು. ‘ಹೌದಾ? ಒತ್ತಿದ್ನಾ ಏನೋ…’ ಎಂದರು. ಅಷ್ಟೇ. ಜಗಳ ಆಡಿದ್ದರೆ, ‘ಸುಳ್ ಹೇಳ್ಬೇಡ’ ಎಂದು ನನ್ನ ಕೆನ್ನೆಗೆ ಬಾರಿಸಿದ್ದರೆ — ಇಲ್ಲ, ಅವರು ಹಾಗೆ ಮಾಡುವವರಾಗಿದ್ದರೆ ನಾನು ಅವರ ಹೆಸರು ಹೇಳುತ್ತಲೇ ಇರಲಿಲ್ಲ.

ನಮ್ಮ ಜನರಲ್ಲಿ ಮಾತು ಹೋಟೆಲಿನಿಂದ ಹೋಟೆಲಿಗೆ ಹೋಗಲು ಹೊತ್ತು ಬೇಕಿಲ್ಲ. ಗಿರಿಜಕ್ಕ ಮೀಸಿ ಮಗುವಿನ ಮೂಗು ಹಾಳಾಯಿತಂತೆ ಎಂದಾಯಿತು. ಫೋನು ಬರುವುದು ನಿಂತಿತು. ಒಂದೆರಡು ಕಡೆಯಿಂದ ಕರೆ ಬಂದಾಗಲೂ ಅವರೇ, ‘ನನ್ ಕೈ ಸರಿ ಇಲ್ಲ, ಬೇರೆಯವ್ರನ್ನ ಕಾಣಿ’ ಎಂದರು. ಅತ್ತೆ ತಂಗಿಯನ್ನು ಮಗುವಿನ ಹತ್ತಿರ ಬಿಡುವುದನ್ನು ಕಡಿಮೆ ಮಾಡಿದರು. ಧಾತ್ರಿ ‘ಗಿಜ್ಜಜ್ಜಿ’ ಎಂದು ಕೈ ಚಾಚಿದರೆ ಗಿರಿಜಕ್ಕ ಕೈ ಹಿಂದಕ್ಕೆ ಕಟ್ಟಿಕೊಳ್ಳುತ್ತಿದ್ದರು. ಕೊನೆಗೆ ಅವರ ಗಂಡನ ಅಣ್ಣನ ಮಗ ತಿರುವೊಟ್ಟಿಯೂರಿನಲ್ಲಿ ಮನೆ ಮಾಡಿದಾಗ ಅಲ್ಲಿಗೆ ಹೊರಟರು. ನನ್ನ ಯಜಮಾನರೇ ಆಟೋ ತಂದರು, ಟ್ರಂಕು ಎತ್ತಿಟ್ಟರು. ನಾನು ಮಗುವಿಗೆ ಅನ್ನ ಕಲಸುತ್ತಾ ಒಳಗೇ ಉಳಿದೆ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಧಾತ್ರಿ ಹೈಸ್ಕೂಲಿಗೆ ಹೋಗುತ್ತಿದ್ದಾಗ ಒಂದು ಮದುವೆಯಲ್ಲಿ ಗಿರಿಜಕ್ಕ ಸಿಕ್ಕರು. ಅವಳನ್ನು ಕಂಡೊಡನೆ ಅವರ ಕಣ್ಣು ಹೋದದ್ದು ಮೂಗಿನ ತುದಿಗೆ. ಅವಳ ಎರಡೂ ಕೈ ಹಿಡಿದುಕೊಂಡು, ‘ನನ್ ಕೈ ತಪ್ಪ್ ಮಗಾ. ಮನಸ್ಸಿಗೆ ಹಚ್ಕಣಬೇಡ’ ಎಂದರು. ಅಷ್ಟು ವಯಸ್ಸಾದವರು, ನನ್ನ ಮಗಳ ಮುಂದೆ, ತಾವು ಮಾಡದ ತಪ್ಪಿಗೆ ಕಣ್ಣೀರು ಹಾಕುತ್ತಿದ್ದಾರೆ. ನಾನು ಒಂದು ಮಾರು ದೂರದಲ್ಲಿ ರೇಷ್ಮೆ ಸೀರೆ ಉಟ್ಟು ನಿಂತಿದ್ದೇನೆ. ಬಾಯಿ ತೆರೆಯಬಹುದಾಗಿತ್ತು. ಆಗ ಯಾರೂ ನನ್ನನ್ನು ಏನೂ ಕೇಳುತ್ತಿರಲಿಲ್ಲ, ಯಾವ ನಾಗತ್ತೆಯೂ ಎದುರಿಗಿರಲಿಲ್ಲ, ಹೆದರುವುದಕ್ಕೆ ಏನೂ ಇರಲಿಲ್ಲ. ‘ಇರಲಿ ಬಿಡಿ ಗಿರಿಜಕ್ಕ, ಆದದ್ದಾಯ್ತು’ ಎಂದೆ. ಕ್ಷಮಿಸಿದವಳ ಹಾಗೆ! ಥೂ, ನನ್ನ ಜನ್ಮಕ್ಕಿಷ್ಟು.

ಧಾತ್ರಿಗೆ ಈಗ ಕೆಲಸವಿದೆ, ತನ್ನದೇ ಬುದ್ಧಿಯಿದೆ. ನನ್ನ ಹಾಗೆ ಯಾರೋ ಗಂಡಿನವರು ‘ಆದ್ರೆ’ ಎಂದದ್ದಕ್ಕಲ್ಲ, ತನಗೇ ಬೇಕೆನ್ನಿಸಿ ಮೂಗಿನ ತುದಿಯನ್ನು ಸಣ್ಣ ಮಾಡಿಸಿಕೊಳ್ಳುವ ಯೋಚನೆ ಮಾಡಿದ್ದಳು. ಬೆಸೆಂಟ್ ನಗರದ ಒಂದು ಕ್ಲಿನಿಕ್ಕಿಗೆ ಜೊತೆಗೆ ಬಾ ಎಂದಳು, ಹೋದೆ. ಡಾಕ್ಟರಮ್ಮ ಒಳ್ಳೆಯವಳು, ಅವಸರವಿಲ್ಲದ ಹೆಂಗಸು. ತಮಿಳಿನಲ್ಲಿ ಬಿಡಿಸಿ ಬಿಡಿಸಿ ಹೇಳಿದಳು. ಸೂಜಿಯಿಂದ ಫಿಲ್ಲರ್ ತುಂಬಿ ತುದಿಯನ್ನು ಸ್ವಲ್ಪ ಎತ್ತಿದ ಹಾಗೆ ಕಾಣಿಸಬಹುದು, ಆದರೆ ಅದು ಕರಗಿ ಹೋಗುತ್ತದೆ, ದಪ್ಪವೂ ಕಡಿಮೆಯಾಗುವುದಿಲ್ಲ. ಚರ್ಮದೊಳಗೆ ದಾರ ಎಳೆದು ಎತ್ತುವುದೂ ಇದೆ, ಅದೂ ಬಹಳ ಕಾಲ ನಿಲ್ಲುವುದಿಲ್ಲ. ನಿಲ್ಲುವಂಥದ್ದು ಬೇಕಾದರೆ ಆಪರೇಷನ್ನೇ — ತುದಿಯ ಮೃದು ಎಲುಬನ್ನು ತಿದ್ದಿ ಹೊಲಿಯುವುದು. ಚರ್ಮ ದಪ್ಪ ಇರುವುದರಿಂದ ಬಾವು ಇಳಿಯಲು ವರ್ಷವೇ ಹಿಡಿಯಬಹುದು. ಏನೂ ಮಾಡಿಸದೆ ಹೀಗೇ ಇರುವುದೂ ಒಂದು ದಾರಿ, ಮೂಗಿಗೆ ಕಾಯಿಲೆಯೇನಿಲ್ಲ ಎಂದಳು. ನಾನು ಎಲ್ಲಕ್ಕೂ ಹೊಸದಾಗಿ ಕೇಳುತ್ತಿರುವವಳ ಹಾಗೆ ತಲೆಯಾಡಿಸಿದೆ.

ಮೂಗಿಗೆ ಯಾವಾಗಲಾದರೂ ಪೆಟ್ಟು ಬಿದ್ದಿತ್ತಾ ಎಂದು ಡಾಕ್ಟರಮ್ಮ ಕೇಳಿದಳು. ಧಾತ್ರಿ ತಟ್ಟನೆ, ತಾನು ಕೂಸಾಗಿದ್ದಾಗ ಅಜ್ಜಿಯ ತಂಗಿ ಎಣ್ಣೆ ಹಚ್ಚಿ ಒತ್ತಿ ಒತ್ತಿ ಹಾಳು ಮಾಡಿದರಂತೆ ಎಂದಳು. ಎಷ್ಟು ಸಹಜವಾಗಿ ಹೇಳಿದಳು! ನನ್ನ ಸುಳ್ಳು ಅಷ್ಟು ಹೊತ್ತಿಗೆ ಅವಳ ಪಾಲಿಗೆ ಹುಟ್ಟಿದ ಊರಿನಷ್ಟೇ ನಿಜವಾಗಿತ್ತು. ಡಾಕ್ಟರಮ್ಮ ನಕ್ಕಳು. ‘ಎಣ್ಣೆ ತೇಚ್ಚಾ ಮೂಕ್ಕು ಮಾರಾದು ಮಾ. ಇದು ಜಾಡೈ’ ಎಂದಳು. ಎಣ್ಣೆ ತೀಡಿದರೆ ಮೂಗು ಬದಲಾಗುವುದಿಲ್ಲ, ಇದು ಮನೆತನದ ಹೋಲಿಕೆ ಎಂದು ಅದರ ಅರ್ಥ. ಆದರೆ ಆ ಜಾಡೈ ಎನ್ನುವುದು ನನ್ನ ಕಿವಿಗೆ ಕನ್ನಡದ ಜಾಡು ಎಂದೇ ಬಿತ್ತು. ಜಾಡು ಹಿಡಿದು ಬಂದುಬಿಟ್ಟಳು ಎಂದುಕೊಂಡೆ. ಅವಳು ನನ್ನ ಕಡೆ ತಿರುಗಿ, ಎರಡು ಹೊಳ್ಳೆಗಳ ನಡುವೆ ಕೂದಲೆಳೆಯಷ್ಟು ಉಳಿದಿರುವ ಗುರುತನ್ನು ಒಂದು ಕ್ಷಣ ನೋಡಿ, ಕಣ್ಣು ತೆಗೆದಳು. ಮನೆಯಲ್ಲಿ ಕೂತು ಮಾತಾಡಿಕೊಂಡು ಬನ್ನಿ ಎಂದಷ್ಟೇ ಹೇಳಿದಳು.

ಕ್ಲಿನಿಕ್ಕಿನಿಂದ ನಡೆದು ಬೀಚಿಗೆ ಬಂದೆವು. ಧಾತ್ರಿ ಸುಂಡಲ್ ಕಡಲೆಯ ಪೊಟ್ಟಣ ಕೈಯಲ್ಲಿ ಹಿಡಿದು ತಿನ್ನದೆ ಕೂತಿದ್ದಳು. ‘ಹಂಗಾದ್ರೆ ಗಿರಿಜಜ್ಜಿ ಏನೂ ಮಾಡೇ ಇಲ್ವಾ ಮಾ? ಪಾವಂ ಮಾ ಅವಂಗ, ಪಾಪ… ಕನ್ನಡೀಲಿ ನೋಡ್ಕೊಂಡಾಗೆಲ್ಲ ನಾನು ಅವ್ರನ್ನ ಬೈಕೊಂಡಿದೀನಿ’ ಎಂದಳು. ಆಮೇಲೆ, ‘ಜಾಡೈ ಅಂದ್ರೆ ಯಾರ ಜಾಡೈ?’ ಎಂದು ಕೇಳಿದಳು.

‘ನಂದು’ ಎಂದೆ.

ಒಮ್ಮೆ ಬಾಯಿ ಬಿಟ್ಟ ಮೇಲೆ ಎಲ್ಲವನ್ನೂ ಹೇಳಿದೆ: ಬೋಂಡ, ಸೈನಸ್ ಆಪರೇಷನ್, ಹರಿದ ಫೋಟೋ, ಹುಟ್ಟುಹಬ್ಬದ ಮಾತು. ಅವಳು ನನ್ನ ಮೂಗನ್ನೇ ದಿಟ್ಟಿಸುತ್ತಿದ್ದಳು — ಗುರುತಿಲ್ಲದವಳ ಮುಖ ನೋಡುವ ಹಾಗೆ. ‘ನೀನು ಮೂಗು ಮಾಡಿಸ್ಕೊಂಡಿದ್ದಕ್ಕೆ ನಂಗೇನೂ ಇಲ್ಲ ಮಾ. ನಾನು ಅತ್ತಾಗೆಲ್ಲ, ನಂಗೂ ಹಿಂಗೇ ಇತ್ತು ಕಣೇ ಅಂತ ಒಂದ್ಸಲ ಹೇಳ್ಬಹುದಿತ್ತಲ್ಲ? ಹೇಳೋದು ಬಿಟ್ಟು ಆ ಅಜ್ಜೀನ ತೋರಿಸ್ದೆ’ ಎಂದಳು. ಎದ್ದು ಲಂಗದ ಮರಳು ಕೊಡವಿಕೊಳ್ಳುತ್ತಾ ಮತ್ತೆ ಹೇಳಿದಳು: ‘ನಾನು ಆಪರೇಷನ್ ಮಾಡಿಸ್ಕೋತೀನೋ ಇಲ್ವೋ, ಆಮೇಲೆ ನೋಡೋಣ. ಮಾಡಿಸ್ಕೊಂಡ್ರೂ ಸೈನಸ್ ಅಂತ ಯಾರಿಗೂ ಹೇಳಲ್ಲ. ಮೊದ್ಲು ನೀನು ಅವ್ರ ಹತ್ರ ಹೋಗು.’

ಮನೆಗೆ ಬಂದು ಯಜಮಾನರಿಗೆ ಹೇಳಿದೆ. ‘ನಿನ್ ಮೂಗಿಂದ್ ನಂಗೆಂತದೂ ಇಲ್ಲ. ಚಿಕ್ಕಮ್ಮನ ಟ್ರಂಕ್ ಆಟೋಕ್ಕೆ ಇಟ್ಟದ್ದ್ ನಾನಲ್ದಾ’ ಎಂದು ಎದ್ದು ಹೋದರು. ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಆಡಬೇಕು ಎಂದು ನಾನೂ ಕೇಳಲಿಲ್ಲ.

ತಿರುವೊಟ್ಟಿಯೂರಿನ ಆ ಮನೆಗೆ ಹೋದಾಗ ಒಳಗೆ ಎಳೆ ಮಗುವಿನ ಅಳು ಕೇಳಿಸುತ್ತಿತ್ತು. ಗಿರಿಜಕ್ಕ ಇರುವ ಮನೆಯವರ ಮಗಳು ಹೆರಿಗೆಗೆ ಬಂದಿದ್ದಳು. ಯಾರೋ ಕೂಲಿಯ ಹೆಂಗಸು ಬಚ್ಚಲಿನಲ್ಲಿ ಮಗುವಿಗೆ ನೀರು ಹಾಕುತ್ತಿದ್ದಳು. ಗಿರಿಜಕ್ಕ ಹೊರಗಿನ ಜಗಲಿಯಲ್ಲಿ, ಬಚ್ಚಲಿಗೆ ಬೆನ್ನು ಹಾಕಿ, ಎರಡೂ ಕೈಗಳನ್ನು ಸೆರಗಿನಡಿ ಸೇರಿಸಿ ಕೂತಿದ್ದರು. ‘ಎಷ್ಟ್ ಹೇಳಿದ್ರೂ ಮಗಿನ ಮುಟ್ಟುದಿಲ್ಲ ಇವ್ರ್’ ಎಂದು ಆ ಮನೆಯಾಕೆ ನನಗೆ ದೂರಿದಳು. ಗಿರಿಜಕ್ಕನ ಎದುರಿಗೆ ನೆಲದ ಮೇಲೆ ಕೂತೆ. ‘ಗಿರಿಜಕ್ಕ, ನಿಮ್ಮ ಕೈ ತಪ್ಪು ಮಾಡಿಲ್ಲ. ಅದು ನಾನು ಹುಟ್ಟಿದ ಮೂಗು. ಡಾಕ್ಟರ ಹತ್ತಿರ ಬದಲಾಯಿಸಿಕೊಂಡಿದ್ದೆ. ಗೊತ್ತಾಗಿಬಿಡುತ್ತೆ ಅಂತ ಅವತ್ತು ಸುಳ್ಳು ಹೇಳಿದೆ’ ಎಂದೆ.

ಸೆರಗಿನಡಿಯಿಂದ ಬಲಗೈ ತೆಗೆದು, ಹೆಬ್ಬೆರಳು ತೋರುಬೆರಳಲ್ಲಿ ನನ್ನ ಮೂಗಿನ ತುದಿಯನ್ನು ಹಿಡಿದು ನೋಡಿದರು. ಬೆರಳು ಗಡಗಡ ನಡುಗುತ್ತಿತ್ತು. ಬೈಯುತ್ತಾರೆ ಎಂದು ಕಾದೆ, ಬೈಯಲಿಲ್ಲ. ‘ಎಷ್ಟ್ ಮಕ್ಕಳನ್ನ್ ಬಿಟ್ಬಿಟ್ನಲ್ಲೇ ನಾನ್…’ ಎಂದರು. ಬಚ್ಚಲ ಕಡೆ ತಿರುಗಿ ಮಗುವಿನ ಸದ್ದು ಕೇಳಿದರು. ಮನೆಯಾಕೆ, ‘ಹಾಂಗಾರೆ ನಾಳೆಯಿಂದ ನೀವೇ ಮೀಸಿ’ ಎಂದಳು. ಗಿರಿಜಕ್ಕ ಕೈಯನ್ನು ಎತ್ತಿ ತೋರಿಸಿದರು. ‘ಈಗ ನಡುಕ ಬಂದಿತ್ತಲ್ಲೇ. ಎಳೇ ಮಗಿನ ಹಿಡುಕೆ ಆತಿಲ್ಲ’ ಎಂದರು.

ನಾನು ಅವರ ಕಾಲು ಮುಟ್ಟಲು ಹೋದೆ. ಕಾಲು ಹಿಂದೆ ಎಳೆದುಕೊಂಡರು. ‘ನಂಗೊಬ್ಳಿಗೆ ಗುಟ್ಟಂಗೆ ಹೇಳ್ರೆ ಎಂತಾ ಆಯ್ತ್? ಅವತ್ತ್ ಎಲ್ಲರೆದ್ರಿಗೆ ಹೇಳಿದ್ದಲ್ದಾ ನೀನ್?’ ಎಂದರು.

ಅಲ್ದಾ. ಹೌದು, ಎಲ್ಲರೆದುರಿಗೆ.

ಬರುವ ಭಾನುವಾರ ಆ ಮಗುವಿನ ನಾಮಕರಣ. ಆವತ್ತು ಹೋಟೆಲಿನ ಹಾಲಿನಲ್ಲಿ ಕೂತು ಕೇಳಿದವರಲ್ಲಿ ಬದುಕಿರುವವರೆಲ್ಲ ಬರುತ್ತಾರೆ. ಅತ್ತೆ ಬರುತ್ತಾರೆ. ನಾಗತ್ತೆಗೆ ನಾನೇ ಫೋನು ಮಾಡಿ ಬಾ ಎಂದಿದ್ದೇನೆ. ಅವಳ ಅರ್ಧ ಮಾತು ನನ್ನ ಹತ್ತಿರ ಉಳಿದುಹೋಗಿದೆ. ಧಾತ್ರಿ ನನ್ನ ಪಕ್ಕದಲ್ಲಿ ನಿಲ್ಲುವುದಿಲ್ಲವಂತೆ, ಗಿರಿಜಜ್ಜಿಯ ಪಕ್ಕದಲ್ಲಿ ಕೂರುತ್ತಾಳಂತೆ. ಅದೇ ಸರಿ. ಅತ್ತೆ ನನ್ನ ಮುಖವನ್ನು ಮತ್ತೊಮ್ಮೆ ಬೆಳಕಿಗೆ ತಿರುಗಿಸಿ ನೋಡಬಹುದು, ಏನು ಬೇಕಾದರೂ ಅನ್ನಬಹುದು, ಅನ್ನಲಿ. ಗಿರಿಜಕ್ಕ ನನ್ನನ್ನು ಕ್ಷಮಿಸುತ್ತಾರೋ ಇಲ್ಲವೋ ಗೊತ್ತಿಲ್ಲ, ಕೇಳುವ ಮುಖವೂ ನನಗಿಲ್ಲ. ಎಲೆ ಹಾಕುವ ಮೊದಲು ಎದ್ದು ನಿಂತು, ಎಲ್ಲರಿಗೂ ಕೇಳುವ ಹಾಗೆ ಹೇಳುತ್ತೇನೆ — ನನ್ನ ಮೂಗನ್ನು ತಿದ್ದಿದವರು ಡಾಕ್ಟರು. ನನ್ನ ಮಗಳ ಮೂಗನ್ನು ತೀಡಿದವರು ಗಿರಿಜಕ್ಕ, ಅವರ ಕೈಯಲ್ಲಿ ಯಾವ ತಪ್ಪೂ ಇರಲಿಲ್ಲ.